ಬ್ರಿಟಿಷ್ ಕಾಲದ್ದು ಸಾರ್!

ಹಳೇ ಸಾಮಾನಿನ ಅಂಗಡಿಗಳಲ್ಲಿ ಕಾಲಗಣನೆ ಬಹಳ ಸುಲಭ. ಅಲ್ಲಿರುವುದು ಎರಡೇ ಯುಗ: ಒಂದು ‘ಬ್ರಿಟಿಷ್ ಕಾಲದ್ದು’, ಇನ್ನೊಂದು ‘ಮಹಾರಾಜರ ಕಾಲದ್ದು’. ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ, ಮುಂಬೈನ ಚೋರ್ ಬಜಾರಿನಲ್ಲಿ, ಕಾರೈಕುಡಿಯ ಗಲ್ಲಿಗಳಲ್ಲಿ, ಮಟ್ಟಾಂಚೇರಿಯ ಜ್ಯೂ ಟೌನಿನಲ್ಲಿ ಭಾಷೆ ಬದಲಾದರೂ ಮಾತು ಇದೇ. ಶ್ರೀರಂಗಪಟ್ಟಣ ಬಿದ್ದ 1799ರಿಂದ 1947ರವರೆಗೆ ಲೆಕ್ಕ ಹಾಕಿದರೆ ನಮ್ಮ ಕಡೆಯ ಬ್ರಿಟಿಷ್ ಕಾಲವೇ 148 ವರ್ಷ. ಅಷ್ಟಗಲದ ಬಲೆ ಬೀಸಿದರೆ ಯಾವ ಮೀನು ತಾನೇ ತಪ್ಪಿಸಿಕೊಂಡೀತು?

ಹಾಗಂತ ಮಾರುವವರ ಮಾತು ಪೂರ್ತಿ ಸುಳ್ಳೇನಲ್ಲ. ಬೆಂಗಳೂರು ದಂಡು 1809ರಿಂದ ಬೆಳೆದ ಊರು. ಅಲ್ಲಿನ ಬಂಗಲೆಗಳಲ್ಲಿ, ಕೋಲಾರದ ಚಿನ್ನದ ಗಣಿಯ ಸಾಹೇಬರ ಮನೆಗಳಲ್ಲಿ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಬೀರು, ಸೈಡ್‌ಬೋರ್ಡ್, ಬೆತ್ತದ ಆರಾಮ ಕುರ್ಚಿ, ಬೆಳ್ಳಿಯ ಟೀ ಸೆಟ್ಟು ನಿಜಕ್ಕೂ ತುಂಬಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೊರಟ ಕುಟುಂಬಗಳು ಹಡಗಿಗೆ ಏರಿಸಲಾಗದ್ದನ್ನೆಲ್ಲ ಇಲ್ಲೇ ಮಾರಿ ಹೋದವು. ಆದರೆ ಆ ಬಂಗಲೆಗಳ ಸಾಮಾನು ಹಡಗಿನಲ್ಲಿ ಬಂದದ್ದೆಂದು ತಿಳಿಯುವುದು ತಪ್ಪು. ಬಹುಪಾಲು ಇಲ್ಲಿನದೇ ತೇಗ, ಬೀಟೆ, ಹೊನ್ನೆ; ಇಲ್ಲಿನ ಆಚಾರಿಗಳು ವಿಲಾಯತಿ ಕೆಟಲಾಗಿನ ಚಿತ್ರ ನೋಡಿ ಮಾಡಿಕೊಟ್ಟದ್ದು. ಈ ಒಂದು ಸಂಗತಿ ಹಳೇ ಮರದ ಸಾಮಾನಿನ ವಯಸ್ಸು ಹೇಳುವ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ.

ಹೇಗೆಂದರೆ, ಇಂಗ್ಲಿಷ್ ಪುಸ್ತಕಗಳು ಕಲಿಸುವ ಪಾಠ ಹೀಗಿದೆ: ಡ್ರಾಯರಿನ ಮೂಲೆಯಲ್ಲಿ ಹಲ್ಲಿಗೆ ಹಲ್ಲು ಕೂರಿಸುವ ಡವ್‌ಟೇಲ್ ಜೋಡಣೆ ಕೈಯಿಂದ ಕೊಯ್ದದ್ದಾದರೆ ಹಳೆಯದು, ಯಂತ್ರದ್ದಾದರೆ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧ ಅಥವಾ ಆಮೇಲಿನದು. ಹಲಗೆಯ ಮೇಲೆ ಗರಗಸದ ನೇರ ಗೀರಿದ್ದರೆ ಹಳೆಯದು, ಕಮಾನಿನಂತೆ ಬಾಗಿದ ಗೀರಿದ್ದರೆ ವೃತ್ತಾಕಾರದ ಗರಗಸ ಬಂದ ಮೇಲಿನದು. ಇಂಗ್ಲೆಂಡಿಗೆ ಸರಿ. ನಮ್ಮಲ್ಲಿ ಒಬ್ಬ ದಿಮ್ಮಿಯ ಮೇಲೆ, ಇನ್ನೊಬ್ಬ ಗುಂಡಿಯೊಳಗೆ ನಿಂತು ದೊಡ್ಡ ಗರಗಸ ಎಳೆಯುತ್ತಿದ್ದುದನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದಾರೆ. ಕೈಯಲ್ಲಿ ಡವ್‌ಟೇಲ್ ಕೊಯ್ಯುವ ಆಚಾರಿಗಳು ಇವತ್ತಿಗೂ ಇದ್ದಾರೆ. ಆದ್ದರಿಂದ ನಮ್ಮಲ್ಲಿ ಪಾಠ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಯಂತ್ರದ ಗುರುತು ಕಂಡರೆ ವಸ್ತು ತೀರಾ ಹಳೆಯದಲ್ಲ ಎನ್ನಬಹುದು. ಕೈಯ ಗುರುತು ಕಂಡರೆ ಏನನ್ನೂ ಹೇಳಲಾಗದು. ಅದು 1850ರದ್ದೂ ಇರಬಹುದು, 1970ರದ್ದೂ ಇರಬಹುದು.

ಹಾಗಾಗಿ ನಾನು ಹಳೆಯದರ ಸಾಕ್ಷಿ ಹುಡುಕುವುದಿಲ್ಲ, ಹೊಸದರ ಸಾಕ್ಷಿ ಹುಡುಕುತ್ತೇನೆ. ಒಂದು ವಸ್ತುವಿನಲ್ಲಿ ಮೊದಲಿನಿಂದಲೂ ಇರುವ ಭಾಗಗಳಲ್ಲಿ ಯಾವುದು ಎಲ್ಲಕ್ಕಿಂತ ಹೊಸದೋ ಅದೇ ಆ ವಸ್ತುವಿನ ವಯಸ್ಸಿನ ಮಿತಿ. ‘ಮೊದಲಿನಿಂದಲೂ ಇರುವ’ ಎಂಬ ಮಾತು ಮುಖ್ಯ. ರಿಪೇರಿಗೆ ಹೊಡೆದ ಮೊಳೆಯನ್ನು ನೋಡಿ ನೂರು ವರ್ಷದ ಮೇಜನ್ನು ನಿನ್ನೆಯದೆನ್ನುವುದೂ ಅನ್ಯಾಯವೇ.

ಡ್ರಾಯರುಗಳಿರುವ ಒಂದು ಬೀರು ಸಿಕ್ಕಿತೆನ್ನಿ. ಮುಂಭಾಗವನ್ನು ಮರೆತುಬಿಡಿ, ಅಲ್ಲಿ ಪಾಲಿಶ್ ಹೊಡೆದವನ ಕೈಚಳಕವಷ್ಟೇ ಕಾಣುತ್ತದೆ. ಒಂದು ಡ್ರಾಯರನ್ನು ಪೂರ್ತಿ ಹೊರಗೆಳೆದು ಬೆಳಕಿಗೆ ಹಿಡಿಯಿರಿ. ಮಾರುವವರು ಮೊದಲ ಸಲ ಮುಖ ಗಂಟಿಕ್ಕುವುದು ಇಲ್ಲಿಯೇ. ಡ್ರಾಯರಿನ ಪಕ್ಕದ ಹಲಗೆಗಳ ಕೆಳಅಂಚು ನೋಡಿ. ದಶಕಗಟ್ಟಲೆ ಎಳೆದು ತಳ್ಳಿದ್ದರೆ ಆ ಅಂಚು ಹಿಂದಕ್ಕೆ ಹೋದಂತೆ ಸವೆದು ಇಳಿಜಾರಾಗಿರುತ್ತದೆ. ಬೀರುವಿನೊಳಗೆ ಅದು ಜಾರುವ ಪಟ್ಟಿಯಲ್ಲೂ ಅದಕ್ಕೆ ಹೊಂದುವ ತೋಡು ಬಿದ್ದಿರಬೇಕು. ಒಂದರಲ್ಲಿ ಸವೆತವಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಡ್ರಾಯರು ಬೇರೆ ಮನೆಯಿಂದ ಬಂದ ಸೊಸೆ. ಡವ್‌ಟೇಲಿನ ಬುಡದಲ್ಲಿ ಆಚಾರಿ ಅಳತೆಗೆಂದು ಎಳೆದ ಸಣ್ಣ ಗೀರು ಕಾಣುತ್ತದೆ. ಹಲ್ಲುಗಳು ಒಂದರಂತೆ ಇನ್ನೊಂದಿಲ್ಲದೆ, ಒಂದು ದಪ್ಪ ಒಂದು ತೆಳ್ಳಗೆ ಇದ್ದರೆ ಕೈಕೆಲಸ. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಯಂತ್ರ. ತಳದ ಹಲಗೆ ಪ್ಲೈವುಡ್ಡೇ? ಹಾಗಾದರೆ ಇಪ್ಪತ್ತನೇ ಶತಮಾನದೊಳಗೇ ಹುಡುಕಬೇಕು, ಅದೂ ತೀರಾ ಆರಂಭದಲ್ಲಲ್ಲ. ಡ್ರಾಯರಿನ ಒಳಮೈಗೆ ಪಾಲಿಶ್ ಹಚ್ಚಿದ್ದಾರೆಯೇ? ಹಳೇ ಆಚಾರಿ ಕಾಣದ ಜಾಗಕ್ಕೆ ಪಾಲಿಶ್ ದಂಡ ಮಾಡುತ್ತಿರಲಿಲ್ಲ. ಒಳಗೂ ಹಿಂದೂ ಒಂದೇ ಸಮನಾದ ಕಂದು ಬಣ್ಣ ಬಳಿದಿದ್ದರೆ ಯಾರೋ ಏನನ್ನೋ ಮುಚ್ಚಿದ್ದಾರೆ. ಗಾಳಿ ತಾಗಿ ತಾನಾಗಿ ಕಪ್ಪೇರಿದ ಮರ ಹೀಗೆ ಏಕರೂಪವಾಗಿರುವುದಿಲ್ಲ. ಗಾಳಿ ಆಡುವಲ್ಲಿ ಗಾಢ, ಹಲಗೆಗೆ ಹಲಗೆ ಒತ್ತಿಕೊಂಡಿದ್ದಲ್ಲಿ ತೆಳು.

ಇನ್ನು ಸ್ಕ್ರೂ. ಇಷ್ಟು ಸಣ್ಣ ವಸ್ತು ಇಷ್ಟು ಸತ್ಯ ಹೇಳುವುದು ಅಪರೂಪ. ಹತ್ತೊಂಬತ್ತನೇ ಶತಮಾನದ ನಡುವಿನವರೆಗೂ ಮರಕ್ಕೆ ಹಾಕುವ ಸ್ಕ್ರೂವಿನ ತುದಿ ಮೊಂಡು. ಮೊದಲೇ ತೂತು ಕೊರೆಯದೆ ಅದು ಒಳಹೋಗುತ್ತಿರಲಿಲ್ಲ. ತಾನೇ ಕೊರೆದುಕೊಂಡು ಹೋಗುವ ಚೂಪು ತುದಿಯ ಸ್ಕ್ರೂವನ್ನು ಯಂತ್ರದಲ್ಲಿ ರಾಶಿ ರಾಶಿ ಮಾಡುವ ಅಮೆರಿಕದ ಹಕ್ಕನ್ನು ಬರ್ಮಿಂಗ್‌ಹ್ಯಾಮಿನ ನೆಟಲ್‌ಫೋಲ್ಡ್ ಮತ್ತು ಚೇಂಬರ್ಲೇನ್ ಕಂಪನಿ ಕೊಂಡದ್ದು 1854ರಲ್ಲಿ. ಆಮೇಲೆ ಲೋಕದ ತುಂಬ ಅದೇ. ತಲೆಯ ಮೇಲೆ ಪ್ಲಸ್ ಗುರುತಿನ ಸ್ಕ್ರೂ ಬಂದದ್ದು ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಮೇಲೆ. ವಿಕ್ಟೋರಿಯಾ ರಾಣಿಯ ಕಾಲದ್ದೆಂದು ಹೇಳುವ ಪೆಟ್ಟಿಗೆಯ ಕೀಲುಗಳಲ್ಲಿ ಪ್ಲಸ್ ಸ್ಕ್ರೂ ಕಂಡರೆ ಒಂದನ್ನು ಬಿಚ್ಚಿ ನೋಡಲು ಕೇಳಿ. ಕೆಳಗೆ ಹಳೇ ತೂತು, ಹಳೇ ಕೀಲಿನ ಅಚ್ಚು ಇದ್ದರೆ ರಿಪೇರಿ. ತೂತು ಹಸಿ ಹಸಿಯಾಗಿ ಬೆಳ್ಳಗಿದ್ದರೆ ಪೆಟ್ಟಿಗೆಯೇ ಹೊಸದು. ಬೀಗದ ಹಿತ್ತಾಳೆಯ ಮೇಲೆ ಕಿರೀಟದ ಕೆಳಗೆ ‘ವಿ ಆರ್’ ಎಂದು ಕೊರೆದಿದ್ದರೆ ಅದು ವಿಕ್ಟೋರಿಯಾಳ ಆಳ್ವಿಕೆ, ಅಂದರೆ 1837ರಿಂದ 1901. ಆದರೆ ಬೀಗ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ನಡೆದು ಹೋಗಬಲ್ಲದು. ಅದರ ಸುತ್ತ ಮರದ ತೇಪೆ ಇದೆಯೇ ನೋಡಿಕೊಳ್ಳಿ.

ದುಂಡು ಮೇಜಾದರೆ ಟೇಪು ಸಾಕು. ಮರ ಒಣಗುತ್ತ ಎಳೆಯ ಉದ್ದಕ್ಕೆ ಕುಗ್ಗುವುದಿಲ್ಲ ಎನ್ನುವಷ್ಟು ಕಡಿಮೆ, ಅಡ್ಡಕ್ಕೆ ಕುಗ್ಗುತ್ತದೆ. ಹೀಗಾಗಿ ಹಳೇ ದುಂಡು ಮೇಜು ಕೆಲವು ಮಿಲಿಮೀಟರಾದರೂ ಅಂಡಾಕಾರಕ್ಕೆ ತಿರುಗಿರುತ್ತದೆ. ಎರಡೂ ದಿಕ್ಕಿಗೆ ಅಳತೆ ಕರಾರುವಾಕ್ಕಾಗಿ ಒಂದೇ ಬಂದರೆ ಅನುಮಾನಪಡಿ.

ಬಾಗಿದ ಮರದ ಕುರ್ಚಿಗಳ ಕತೆ ಇನ್ನೂ ಸ್ವಾರಸ್ಯ. ಹಳೇ ಹೋಟೆಲುಗಳಲ್ಲಿ, ಮುಂಬೈನ ಇರಾನಿ ಕೆಫೆಗಳಲ್ಲಿ ಕಾಣುವ, ಬೆನ್ನಿಗೆ ಎರಡು ಕಮಾನುಗಳಿರುವ ಹಗುರ ಕುರ್ಚಿ. ಇದರ ಮೂಲಪುರುಷ ಮಿಖಾಯೆಲ್ ಥೋನೆಟ್. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸುವ ವಿದ್ಯೆಯಿಂದ ಆತನ 14ನೇ ನಂಬರಿನ ಕುರ್ಚಿ ಹುಟ್ಟಿದ್ದು 1859ರಲ್ಲಿ. ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ 36 ಕುರ್ಚಿ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಹಾಗಾಗಿಯೇ ಅದು ಸಮುದ್ರ ದಾಟಿ ನಮ್ಮ ಊರುಗಳಿಗೂ ಬಂತು. 1869ರಲ್ಲಿ ಪೇಟೆಂಟ್ ಮುಗಿದ ಮೇಲೆ ಯಾಕೋಬ್ ಮತ್ತು ಯೋಸೆಫ್ ಕೋನ್‌ರಂಥ ಇತರರೂ ಮಾಡತೊಡಗಿದರು. ಇಂಥ ಕುರ್ಚಿಯನ್ನು ತಲೆಕೆಳಗು ಮಾಡಿ ಸೀಟಿನ ಬಳೆಯ ಒಳಬದಿ ನೋಡಬೇಕು. ಅಲ್ಲಿ ಸುಟ್ಟ ಮುದ್ರೆಯೋ, ಅರ್ಧ ಹರಿದ ಕಾಗದದ ಲೇಬಲ್ಲೋ ಇರುತ್ತದೆ. ‘ಝೆಕೊಸ್ಲೊವಾಕಿಯಾ’ ಎಂದಿದ್ದರೆ ವ್ಯಾಪಾರಿ ಎಷ್ಟೇ ಆಣೆ ಇಡಲಿ, ಅದು 1918ಕ್ಕೆ ಹಿಂದಿನದಾಗಲಾರದು. ಆ ಹೆಸರಿನ ದೇಶ ಹುಟ್ಟಿದ್ದೇ ಆ ವರ್ಷದ ಅಕ್ಟೋಬರಿನಲ್ಲಿ. ಒಂದು ಮಹಾಯುದ್ಧ ಕುರ್ಚಿಯ ಬುಡದಲ್ಲಿ ಸಹಿ ಹಾಕಿ ಹೋದಂತೆ.

ಈಗಿನ ನಿಜವಾದ ತೊಡಕು ಖೋಟಾ ಸಾಮಾನಿನದಲ್ಲ, ಹಳೇ ಮರದ ಹೊಸ ಸಾಮಾನಿನದು. ತೊಟ್ಟಿ ಮನೆಗಳನ್ನು ಕೆಡವಿದಾಗ ಬರುವ ತೊಲೆ, ಕಂಬ, ಬಾಗಿಲವಾಡಗಳಿಂದ ಊಟದ ಮೇಜು, ಕನ್ನಡಿ ಚೌಕಟ್ಟು, ಬೆಂಚು ಮಾಡುತ್ತಾರೆ. ಮರಕ್ಕೆ ನೂರೈವತ್ತು ವರ್ಷ, ಮೇಜಿಗೆ ಆರು ತಿಂಗಳು. ಇದನ್ನು ಹುಳುಗಳು ಬಯಲು ಮಾಡುತ್ತವೆ. ಮರಕೊರಕ ಹುಳ ಒಳಗೆ ಸುರಂಗ ಕೊರೆದು, ಹೊರಬರುವಾಗ ಮೈಗೆ ಸಣ್ಣ ಗುಂಡು ತೂತು ಮಾಡಿ ಹಾರಿಹೋಗುತ್ತದೆ. ಹೊರಗೆ ಕಾಣಬೇಕಾದದ್ದು ತೂತು ಮಾತ್ರ. ಮೇಜಿನ ಕಾಲಿನ ಮೇಲೆ ಉದ್ದುದ್ದ ಸೀಳಿದ ಸುರಂಗವೇ ಕಂಡರೆ, ಹುಳ ತಿಂದಾದ ಮೇಲೆ ಯಾರೋ ಆ ಮರವನ್ನು ಕೊಯ್ದಿದ್ದಾರೆ ಎಂದರ್ಥ. ಯಾವ ಅರ್ಥವೂ ಇಲ್ಲದ ಕಡೆ ಮುಚ್ಚಿದ ಚೌಕ ತೂತುಗಳಿದ್ದರೂ ಹಾಗೆಯೇ. ಹಿಂದೆ ಅಲ್ಲಿ ಬಾಗಿಲ ಚೌಕಟ್ಟಿನ ನಾಲಿಗೆ ಕೂತಿತ್ತು. ಇಂಥ ಮೇಜು ಕೊಳ್ಳಬಾರದೆಂದು ನಾನು ಹೇಳುವುದಿಲ್ಲ, ಚೆನ್ನಾಗಿಯೇ ಇರುತ್ತದೆ. ಹಳೇ ಮೇಜಿನ ಬೆಲೆ ಕೊಡಬಾರದು, ಅಷ್ಟೆ.

ಬೀಟೆ ಮರದ ಸಾಮಾನಿನ ವಿಷಯ ಬಂದಾಗ ಮೈಸೂರಿನ ಇನ್‌ಲೇ ಕೆಲಸವನ್ನು ಬಿಡುವಂತಿಲ್ಲ. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1897ರಿಂದ 1912ರವರೆಗೆ ಕಟ್ಟಿದ ಈಗಿನ ಅರಮನೆಯ ಅಂಬಾವಿಲಾಸದಲ್ಲಿ ಬೀಟೆಯ ಮೇಲೆ ದಂತ ಕೂರಿಸಿದ ಬಾಗಿಲನ್ನು ನೋಡಿದವರಿಗೆ ಆ ಕೆಲಸದ ಎತ್ತರ ಗೊತ್ತು. ಮಾರುಕಟ್ಟೆಯಲ್ಲಿ ಸಿಗುವ ಟೀಪಾಯಿ, ಪೆಟ್ಟಿಗೆಗಳಲ್ಲಿ ಬೆಳ್ಳಗೆ ಹೊಳೆಯುವ ಆನೆಯ ಚಿತ್ರ ದಂತದ್ದೇ, ಮೂಳೆಯದೇ, ಪ್ಲಾಸ್ಟಿಕ್ಕೇ? ಭೂತಗನ್ನಡಿಯಲ್ಲಿ ಮೂಳೆಯ ಮೇಲೆ ಕಪ್ಪು ಚುಕ್ಕೆ, ಸಣ್ಣ ಗೀರು ಕಾಣುತ್ತವೆ. ದಂತದ ಅಡ್ಡ ಕೊಯ್ತದಲ್ಲಿ ಒಂದರ ಮೇಲೊಂದು ಹಾಯುವ ಬಾಗಿದ ನವಿರು ರೇಖೆಗಳಿರುತ್ತವೆ. ಪ್ಲಾಸ್ಟಿಕ್ಕಿನಲ್ಲಿ ಏನೂ ಇಲ್ಲ, ಬರೀ ಬಿಳುಪು. ಭಾರತದ ಆನೆಯ ದಂತದ ವ್ಯಾಪಾರ ನಿಂತದ್ದು 1986ರ ಕಾನೂನು ತಿದ್ದುಪಡಿಯಿಂದ. ಆಮೇಲೆ 1991ರಲ್ಲಿ ಆಫ್ರಿಕಾದ ದಂತಕ್ಕೂ ಬಾಗಿಲು ಮುಚ್ಚಿತು. ಕುಶಲಕರ್ಮಿಗಳು ಅನಿವಾರ್ಯವಾಗಿ ಪ್ಲಾಸ್ಟಿಕ್ಕಿಗೆ, ಬಣ್ಣ ಬಣ್ಣದ ಮರದ ಚೂರುಗಳಿಗೆ ತಿರುಗಿದರು. ಹಾಗಾಗಿ ದಂತ ಕಂಡರೆ ಕಾಲದ ಸುಳಿವು ಸಿಕ್ಕಿತು ನಿಜ, ಆದರೆ ಅದನ್ನು ಕೊಂಡರೆ ಸಿಕ್ಕಿಬೀಳುವವರು ನೀವೇ. ಕೈ ಮುಗಿದು ಹೊರಬನ್ನಿ.

ಕಾನೂನಿನ ಮಾತು ಬಂತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ ಜಾರಿಯಾದದ್ದು 1976ರಲ್ಲಿ. ಅದರ ಪ್ರಕಾರ ನೂರು ವರ್ಷ ದಾಟಿದ ಕಲಾಕೃತಿ, ಕರಕುಶಲ ವಸ್ತುಗಳೆಲ್ಲ ಪ್ರಾಚ್ಯವಸ್ತು. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ನೂರೈವತ್ತು ವರ್ಷದ್ದೆಂದು ಗಂಟೆಗಟ್ಟಲೆ ವಾದಿಸಿದವರನ್ನು ‘ಲೈಸೆನ್ಸ್ ಇದೆಯಾ ಅಣ್ಣ?’ ಎಂದು ಕೇಳಿ ನೋಡಿ. ಅದೇ ಮಂಚ ಕ್ಷಣದಲ್ಲಿ ಅರವತ್ತು ವರ್ಷಕ್ಕೆ ಇಳಿದು ಯೌವನ ಪಡೆಯುತ್ತದೆ. ಅಜ್ಜಿಯ ಪೆಟ್ಟಿಗೆಯನ್ನು ಅಮೆರಿಕಕ್ಕೆ ಒಯ್ಯುವ ಮಕ್ಕಳೂ ತಿಳಿದಿರಬೇಕು: ವಸ್ತು ಹಳೆಯದಾಗಿ ಕಂಡರೆ ಅದು ಪ್ರಾಚ್ಯವಸ್ತುವಲ್ಲವೆಂದು ಪುರಾತತ್ವ ಇಲಾಖೆಯ ಪ್ರಮಾಣಪತ್ರ ಕೇಳುತ್ತಾರೆ. ಬೀಟೆಯದಾದರೆ ಇನ್ನೊಂದು ತಲೆನೋವು. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರವೂ ನಿಯಂತ್ರಣದಲ್ಲಿದೆ.

ಮರದ ವಯಸ್ಸನ್ನು ಊಹಿಸಬೇಕು. ವಿಲಾಯತಿ ಬೆಳ್ಳಿಯ ವಯಸ್ಸನ್ನು ಓದಬಹುದು.

ಗುಡ್ಡೆ ಹಾಕಿದ ಚಮಚಗಳಿಂದ ಒಂದನ್ನು ಎತ್ತಿಕೊಳ್ಳಿ. ಹಿಡಿಯ ಹಿಂಬದಿಯಲ್ಲಿ ಎಳ್ಳಿನ ಗಾತ್ರದ ನಾಲ್ಕೋ ಐದೋ ಮುದ್ರೆಗಳಿವೆ. ಮುಂಗಾಲೆತ್ತಿ ನಡೆಯುತ್ತಿರುವ ಸಿಂಹವಿದ್ದರೆ ಅದು ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ, ನೂರಕ್ಕೆ 92.5 ಪಾಲು ಶುದ್ಧ. ಈ ಸಿಂಹ 1544ರಿಂದ ನಡೆಯುತ್ತಲೇ ಇದೆ. ಪಕ್ಕದ ಮುದ್ರೆ ಊರಿನದು. ಚಿರತೆಯ ಮುಖ ಲಂಡನ್, ಕಿರೀಟ ಶೆಫೀಲ್ಡ್, ಲಂಗರು ಬರ್ಮಿಂಗ್‌ಹ್ಯಾಮ್. ಸಮುದ್ರದ ಗಾಳಿಯೇ ಸೋಕದ ಬರ್ಮಿಂಗ್‌ಹ್ಯಾಮಿಗೆ ಲಂಗರು ಯಾಕೆ ಬಂತೆಂದರೆ ಒಂದು ಕತೆ ಇದೆ. ಅದಕ್ಕೂ ಶೆಫೀಲ್ಡಿಗೂ ಬೆಳ್ಳಿ ಪರೀಕ್ಷಿಸುವ ಅಧಿಕಾರ ಸಿಕ್ಕಿದ್ದು 1773ರಲ್ಲಿ; ಅದಕ್ಕಾಗಿ ಓಡಾಡಿದವರು ಸಭೆ ಸೇರುತ್ತಿದ್ದ ಲಂಡನ್ನಿನ ಹೆಂಡದಂಗಡಿಯ ಹೆಸರು ‘ಕ್ರೌನ್ ಅಂಡ್ ಆಂಕರ್’ ಅಂತೆ. ಒಬ್ಬರಿಗೆ ಕಿರೀಟ, ಇನ್ನೊಬ್ಬರಿಗೆ ಲಂಗರು.

ಮೂರನೆಯದು ರಾಜನದೋ ರಾಣಿಯದೋ ತಲೆ. ಇದು ಸುಂಕ ಕಟ್ಟಿದ ರಸೀದಿ; 1784ರಿಂದ 1890ರವರೆಗೆ ಮಾತ್ರ ಹೊಡೆಯುತ್ತಿದ್ದರು. ನಮ್ಮ ಕಡೆ ಸಿಗುವ ಚಮಚದಲ್ಲಿ ಸಿಂಹವಿದ್ದು ತಲೆಯಿಲ್ಲದಿದ್ದರೆ ಅದು ಬಹುತೇಕ 1890ರ ನಂತರದ್ದೇ. ಆಮೇಲೆ ವರ್ಷ ಹೇಳುವ ಅಕ್ಷರ. ವರ್ಷಕ್ಕೊಂದರಂತೆ ಅಕ್ಷರ ಬದಲಾಗುತ್ತ, ಮಾಲೆ ಮುಗಿದಾಗ ಲಿಪಿಯ ಶೈಲಿಯನ್ನೋ ಸುತ್ತಲಿನ ಗುರಾಣಿಯ ಆಕಾರವನ್ನೋ ಬದಲಿಸಿ ಮತ್ತೆ ‘ಎ’ಯಿಂದ ಆರಂಭ. ಇಲ್ಲಿ ಎಡವುವವರು ಬಹಳ. ಒಂದೊಂದು ಊರಿಗೂ ಒಂದೊಂದು ಸರಣಿ. ಚಿಕ್ಕಕ್ಷರದ ‘ಎ’ ಬರ್ಮಿಂಗ್‌ಹ್ಯಾಮಿನಲ್ಲಿ 1900. ಲಂಡನ್ನಿನಲ್ಲಿ 1896, ಬೇರೆ ಲಿಪಿಶೈಲಿಯಲ್ಲಿ 1916. ಊರಿನ ಮುದ್ರೆ ಓದದೆ ವರ್ಷದ ಅಕ್ಷರಕ್ಕೆ ಕೈ ಹಾಕಬಾರದು. ಅಕ್ಷರ ಬದಲಾಗುತ್ತಿದ್ದುದೂ ಜನವರಿಯಲ್ಲಲ್ಲ, ವರ್ಷದ ನಡುವೆ. ಹಾಗಾಗಿ 1900 ಎಂದರೆ 1900-01 ಎಂದು ಓದಿಕೊಳ್ಳುವುದು ಕ್ಷೇಮ.

ಸಂತೆಯ ಚಮಚಗಳಲ್ಲಿ ಹೆಚ್ಚಿನವಕ್ಕೆ ಸಿಂಹವೇ ಇರುವುದಿಲ್ಲ. ಬದಲಿಗೆ ಪುಟ್ಟ ಗುರಾಣಿಗಳೊಳಗೆ ಬಿಡಿಬಿಡಿಯಾಗಿ ‘ಇ’, ‘ಪಿ’, ‘ಎನ್’, ‘ಎಸ್’. ನೋಡಿದ ಕೂಡಲೇ ಹಾಲ್‌ಮಾರ್ಕ್ ಎನ್ನಿಸಬೇಕೆಂದೇ ಹಾಗೆ ಕೂರಿಸಿದ್ದು. ಅದರ ಅರ್ಥ ನಿಕಲ್ ಸಿಲ್ವರಿಗೆ ವಿದ್ಯುತ್ತಿನಿಂದ ಬೆಳ್ಳಿಯ ಲೇಪ. ನಾವು ಜರ್ಮನ್ ಸಿಲ್ವರ್ ಎನ್ನುವ ಆ ಲೋಹದಲ್ಲಿ ಇರುವುದು ತಾಮ್ರ, ನಿಕಲ್, ಸತು; ಬೆಳ್ಳಿ ಹೆಸರಿನಲ್ಲಷ್ಟೇ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ಈ ಲೇಪದ ಪೇಟೆಂಟ್ ಪಡೆದದ್ದು 1840ರಲ್ಲಿ, ಅದಕ್ಕೆ ಮೊದಲು ಇಂಥ ಚಮಚ ಇರಲು ಸಾಧ್ಯವಿಲ್ಲ. ‘ಎ1’ ಎಂಬ ಗುರುತು ಲೇಪದ ದರ್ಜೆಯೇ ಹೊರತು ಬೆಳ್ಳಿಯ ಶುದ್ಧತೆಯಲ್ಲ. ಚಮಚದ ಹೊಟ್ಟೆ, ಫೋರ್ಕಿನ ಮೊನೆ ಮೊದಲು ಸವೆಯುತ್ತವೆ. ಅಲ್ಲಿ ಮಾಸಲು ಹಳದಿ ಇಣುಕುತ್ತದೆ. ‘ಇಂಗ್ಲೆಂಡ್’ ಎಂಬ ಹೆಸರಿದ್ದರೆ ಅದೂ ಸುಳಿವೇ: 1891ರಿಂದ ಅಮೆರಿಕ ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರು ಕಡ್ಡಾಯ ಮಾಡಿದ ಮೇಲೆ ಆ ರೂಢಿ ಹಬ್ಬಿತು. ಅಂದಹಾಗೆ ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡುವವರಿದ್ದಾರೆ. ಬೆಳ್ಳಿಗೆ ಅದು ಅಂಟುವುದಿಲ್ಲ ನಿಜ, ಜರ್ಮನ್ ಸಿಲ್ವರಿಗೂ ಅಂಟುವುದಿಲ್ಲ. ಒರೆಗಲ್ಲು, ಆಸಿಡ್ಡು ಇರುವ ಅಕ್ಕಸಾಲಿಗರ ಹತ್ತಿರವೇ ಹೋಗಬೇಕು.

ಇಲ್ಲಿಯೇ ಮಾಡಿದ ಸಾಹೇಬರ ಬೆಳ್ಳಿಯ ವಿಚಾರ ಬೇರೆ. ಕಲ್ಕತ್ತೆಯ ಹ್ಯಾಮಿಲ್ಟನ್, 1849ರಲ್ಲಿ ಆರಂಭವಾದ ಮದ್ರಾಸಿನ ಪಿ. ಓರ್ ಅಂಡ್ ಸನ್ಸ್‌ನಂಥ ಕಂಪನಿಗಳು ತಮ್ಮದೇ ಹೆಸರು, ಗುರುತು ಹೊಡೆಯುತ್ತಿದ್ದವು. ಇಂಗ್ಲೆಂಡಿನಂತೆ ಸರ್ಕಾರಿ ಪರೀಕ್ಷೆಯ ಮುದ್ರೆ ಇಲ್ಲಿರಲಿಲ್ಲ, ಹಾಗಾಗಿ ಆ ಗುರುತು ಕಂಪನಿಯ ಮಾತಷ್ಟೇ. ಓರ್ ಅವರ ‘ಸ್ವಾಮಿ’ ಕೆಲಸ ನನಗಂತೂ ಬಹಳ ಇಷ್ಟ. ಟೀ ಪಾಟಿನ ಹೊಟ್ಟೆಯ ಸುತ್ತ ನಮ್ಮ ದೇವರುಗಳು ಉಬ್ಬು ಚಿತ್ರಗಳಾಗಿ ಸಾಲುಗಟ್ಟಿ ನಿಂತಿರುತ್ತಾರೆ. ಸಾಹೇಬರು ಇವರ ಮೇಲೆ ಕೈಯಿಟ್ಟು ಚಹಾ ಬಗ್ಗಿಸುತ್ತಿದ್ದರು. ಕಛ್‌ನ ಅಕ್ಕಸಾಲಿಗ ಊಮರ್ಸಿ ಮಾವ್ಜಿಯ ‘ಓ.ಎಂ. ಭುಜ್’ ಎಂಬ ಪುಟ್ಟ ಮುದ್ರೆ ಕಂಡರೆ ಮಾತ್ರ ಮುಖದಲ್ಲಿ ಏನನ್ನೂ ತೋರಿಸಿಕೊಳ್ಳದೆ ಬೆಲೆ ಕೇಳಿ.

ಇನ್ನು ನಮ್ಮ ಮನೆಗಳ ಬೆಳ್ಳಿ. ಪಂಚಪಾತ್ರೆ, ಉದ್ಧರಣೆ, ಹರಿವಾಣ, ಪನ್ನೀರುದಾನಿ, ಕುಂಕುಮದ ಭರಣಿ, ಸುಣ್ಣದ ಡಬ್ಬಿ. ಇವಕ್ಕೆ ಸಿಂಹವೂ ಇಲ್ಲ, ಲಂಗರೂ ಇಲ್ಲ. ಬಿಐಎಸ್‌ನ ಬೆಳ್ಳಿ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಆದರೂ ಇವು ಮೂಕವಲ್ಲ. ಚೊಂಬಿನ ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಗುದ್ದಿದ ಅಕ್ಷರಗಳಲ್ಲಿ ಹೆಸರು, ‘ಆನಂದ ಸಂವತ್ಸರ, ವೈಶಾಖ’ ಎಂದಿರುತ್ತದೆನ್ನಿ. ಅರವತ್ತು ವರ್ಷದ ಚಕ್ರದಲ್ಲಿ ಆನಂದ 1974-75 ಆಗಬಹುದು, 1914-15 ಕೂಡ ಆಗಬಹುದು. ಯಾವುದು? ತಳ ತಿರುಗಿಸಿ. ಅಂಗಡಿಯಲ್ಲಿ ಮಾಡಿಸಿದ ಕೆಲವು ಪಾತ್ರೆಗಳಿಗೆ, ದೇವಸ್ಥಾನಕ್ಕೆ ಕೊಟ್ಟವಕ್ಕೆ ಅಲ್ಲಿ ತೂಕ ಕೊರೆದಿರುತ್ತಾರೆ. ‘42 ತೊಲ’ ಎಂದಿದ್ದರೆ 1914ರ ಕಡೆಗೆ ತಕ್ಕಡಿ ವಾಲುತ್ತದೆ. ನಮ್ಮಲ್ಲಿ ಮೆಟ್ರಿಕ್ ತೂಕ 1958ರಿಂದ ಹಂತಹಂತವಾಗಿ ಬಂದು 1962ರ ಹೊತ್ತಿಗೆ ಕಡ್ಡಾಯವಾಗಿತ್ತು. 1974ರದ್ದಾದರೆ ಗ್ರಾಂ ಇರಬೇಕಿತ್ತು. ತೊಲವೆಂದರೆ 11.66 ಗ್ರಾಂ, ಬ್ರಿಟಿಷರ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. 42 ತೊಲಕ್ಕೆ 490 ಗ್ರಾಂ ಆಗಬೇಕು. ತಕ್ಕಡಿಯಲ್ಲಿಟ್ಟಾಗ ಐದಾರು ಗ್ರಾಂ ಕಮ್ಮಿ ಬಂದರೆ ಅದು ಹಬ್ಬ ಹಬ್ಬಕ್ಕೆ ಹುಣಸೆಹಣ್ಣು, ವಿಭೂತಿ ಹಾಕಿ ಉಜ್ಜಿದ ಕೈಗಳ ಲೆಕ್ಕ. ಜಾಸ್ತಿ ಬಂದರೆ ಬೆಸುಗೆಯ ತೇಪೆ ಹುಡುಕಿ.

ಕೆಲವು ಬಟ್ಟಲುಗಳ ತಳದಲ್ಲಿ ರೂಪಾಯಿಯನ್ನೇ ಕೂರಿಸಿರುತ್ತಾರೆ. ವಿಕ್ಟೋರಿಯಾಳನ್ನು ‘ಕ್ವೀನ್’ ಎಂದಿದ್ದರೆ ನಾಣ್ಯ 1876ರವರೆಗಿನದು, ‘ಎಂಪ್ರೆಸ್’ ಎಂದಿದ್ದರೆ 1877ರಿಂದ ಈಚೆಯದು. ಇಲ್ಲಿಯೂ ಹೊಸದರ ಲೆಕ್ಕವೇ ಸರಿ: ಬಟ್ಟಲು ನಾಣ್ಯಕ್ಕಿಂತ ಹಿಂದಿನದಾಗಲಾರದು, ಎಷ್ಟು ಮುಂದಿನದೂ ಆಗಬಹುದು. ಹಳೇ ರೂಪಾಯಿಗಳನ್ನು ಗಂಟು ಕಟ್ಟಿಟ್ಟು ಮೊಮ್ಮಗಳ ಮದುವೆಗೆ ಬಿಚ್ಚಿದ ಅಜ್ಜಿಯರು ಎಷ್ಟು ಜನವಿಲ್ಲ! 1940ರಲ್ಲಿ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿದಾಗಲಂತೂ ಹಳೇ ನಾಣ್ಯವನ್ನು ಕೈಬಿಡುವ ಮನಸ್ಸು ಯಾರಿಗಿದ್ದೀತು?

ಮೇಜು-ಕುರ್ಚಿಗಳಿಗಿಲ್ಲದ ಒಂದು ಅಪಾಯ ಬೆಳ್ಳಿಗಿದೆ. ಅಕ್ಷಯ ತದಿಗೆಗೋ ಗೃಹಪ್ರವೇಶಕ್ಕೋ ‘ಹಳೇದು ಹಾಕಿ ಹೊಸದು’ ತರುವ ವಾಡಿಕೆಯಲ್ಲಿ ಅದು ಕರಗುತ್ತದೆ. ಅಂಗಡಿಯಲ್ಲಿ ಹಳೆಯದಕ್ಕೆ ಕೊಡುವುದು ಬರೀ ಬೆಳ್ಳಿಯ ತೂಕದ ಬೆಲೆ, ಅದರಲ್ಲೂ ವೇಸ್ಟೇಜ್ ಕಳೆದು. ಹೊಸದಕ್ಕೆ ಮಜೂರಿ ಸೇರಿಸಿ ಕೊಂಡು ಬರುತ್ತೇವೆ. ಓರ್ ಅವರ ಮುದ್ರೆಯಿರುವ ತಟ್ಟೆಯೂ ಮುದ್ರೆಯೇ ಇಲ್ಲದ ಬಟ್ಟಲೂ ಒಂದೇ ಮೂಸೆಗೆ ಬೀಳುತ್ತವೆ. ಮುಂದಿನ ಸಲ ಬೆಳ್ಳಿಯ ಗಂಟು ಹೊತ್ತು ಹೊರಡುವ ಮುಂಚೆ ಒಂದೊಂದರ ತಳವನ್ನೂ ಮಗ್ಗುಲು ಬೆಳಕಿನಲ್ಲಿ ತಿರುಗಿಸಿ ನೋಡಿ, ಫೋಟೊ ತೆಗೆದಿಡಿ. ಹೆಸರಿರುವುದನ್ನು, ಮುದ್ರೆಯಿರುವುದನ್ನು ಗಂಟಿನಿಂದ ತೆಗೆದು ಪಕ್ಕಕ್ಕಿಡಿ. ಕಪ್ಪಾಗಿದೆಯೆಂದು ಬ್ರಾಸೊ ಹಚ್ಚಿ ತಿಕ್ಕಬೇಡಿ. ಓದಬೇಕಾದ ಅಕ್ಷರ ಮೊದಲು ಅಳಿಸುವುದು ಹಾಗೆಯೇ.